ಕಾರ್ಡಿಗೆ ತೆರುವ ಕಾಣಿಕೆ

ಹಣವನ್ನು ಕೈಯಲ್ಲಿ ಹಿಡಿಯದೆ ವ್ಯವಹಾರ ನಡೆಸುವುದು ನಮ್ಮವರಿಗೆ ಹೊಸತೇನೂ ಅಲ್ಲ. ಹಿಂದಿನ ವರ್ತಕರು ದೂರದೂರಿಗೆ ಹೊರಟಾಗ ನಾಣ್ಯದ ಗಂಟನ್ನು ಹೊತ್ತು ಕಳ್ಳಕಾಕರನ್ನು ಕರೆಯುತ್ತಿರಲಿಲ್ಲ. ಸಾಹುಕಾರನಿಂದ ಹುಂಡಿ ಬರೆಸಿಕೊಂಡು ಹೋಗುತ್ತಿದ್ದರು. ಅದಕ್ಕೆ ತೆರುವ ವಟ್ಟವನ್ನು ಯಾರೂ ದಂಡವೆಂದು ಬಗೆಯಲಿಲ್ಲ. ಇಂದು ಕ್ರೆಡಿಟ್ ಕಾರ್ಡಿಗೆ ವರ್ಷ ವರ್ಷವೂ ಕೊಡುವ ಶುಲ್ಕ ಅಂಥ ವಟ್ಟವೇ, ಅಥವಾ ಬರಿಯ ದಂಡವೇ? ಈ ಪ್ರಶ್ನೆಗೆ ಇತಿಹಾಸ ಕೊಡುವ ಉತ್ತರ ಸ್ವಾರಸ್ಯವಾಗಿದೆ.

1950ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ಮೆಕ್‌ನಮಾರ ಎಂಬಾತ ತನ್ನ ಜೊತೆಗಾರರೊಡನೆ ಡೈನರ್ಸ್ ಕ್ಲಬ್ ಸ್ಥಾಪಿಸಿದನು. ಸದಸ್ಯನು ಹೋಟೆಲಿನಲ್ಲಿ ಉಂಡು ಸಹಿ ಹಾಕಿದರೆ ಸಾಕು. ಲೆಕ್ಕ ತಿಂಗಳ ಕೊನೆಗೆ. ಹೋಟೆಲಿನವನು ಬಿಲ್ಲಿನಲ್ಲಿ ಶೇಕಡಾ 7ರಷ್ಟನ್ನು ಕ್ಲಬ್ಬಿಗೆ ಬಿಟ್ಟುಕೊಡುತ್ತಿದ್ದನು. 1958ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡು ಬಂದಾಗ ಅದರ ವಾರ್ಷಿಕ ಶುಲ್ಕ 6 ಡಾಲರ್. ಡೈನರ್ಸ್ ಕ್ಲಬ್ಬಿನದಕ್ಕಿಂತ ಒಂದು ಡಾಲರ್ ಹೆಚ್ಚು. ಆ ಒಂದು ಡಾಲರು ಸೌಕರ್ಯದ ಬೆಲೆಯಲ್ಲ, ಪ್ರತಿಷ್ಠೆಯ ಬೆಲೆ!

ಅದೇ ವರ್ಷ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯದ ಫ್ರೆಸ್ನೊ ಪಟ್ಟಣದಲ್ಲಿ ಸುಮಾರು 60,000 ಕಾರ್ಡುಗಳನ್ನು ಕೇಳದವರಿಗೂ ಅಂಚೆಯಲ್ಲಿ ಕಳುಹಿಸಿತು. ಶುಲ್ಕವಿಲ್ಲ, ಆದರೆ ಬಾಕಿ ಉಳಿಸಿಕೊಂಡವನಿಗೆ ವರ್ಷಕ್ಕೆ ಶೇಕಡಾ 18 ಬಡ್ಡಿ. ಮೊದಲಿನ ಕಾರ್ಡಿಗೆ ಸಕಾಲದಲ್ಲಿ ಹಣ ಕಟ್ಟುವವನು ಬೇಕಾಗಿದ್ದ. ಈ ಕಾರ್ಡಿಗೆ ಕಟ್ಟಲಾರದವನೇ ಬೇಕಾದನು. ಉಚಿತವೆಂಬ ಮಾತಿನ ಒಳಗುಟ್ಟು ಇಲ್ಲಿದೆ.

1980ರ ಸುಮಾರಿಗೆ ಅಮೆರಿಕದಲ್ಲಿ ಹಣದುಬ್ಬರ ಏರಿ, ಬ್ಯಾಂಕುಗಳಿಗೆ ಹಣ ತರುವುದೇ ದುಬಾರಿಯಾಯಿತು. ಹಲವು ರಾಜ್ಯಗಳಲ್ಲಿ ಬಡ್ಡಿಗೆ ಕಾನೂನಿನ ಮಿತಿಯಿತ್ತು. ಆಗ ಅನೇಕ ಬ್ಯಾಂಕುಗಳು ವಾರ್ಷಿಕ ಶುಲ್ಕದ ಮೊರೆಹೊಕ್ಕವು. 1990ರಲ್ಲಿ ಎ.ಟಿ. ಅಂಡ್ ಟಿ. ಕಂಪನಿ ಆಜೀವ ಶುಲ್ಕವಿಲ್ಲದ ಕಾರ್ಡನ್ನು ಹೊರತಂದು ಪೈಪೋಟಿಗೆ ಇಳಿಯಿತು. ನಮ್ಮ ದೇಶದಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯ 1980ರಲ್ಲಿ ಈ ದಾರಿಯನ್ನು ತೆರೆಯಿತು.

ಇನ್ನು ನಮ್ಮ ಮನೆಯ ಲೆಕ್ಕ. ಶುಲ್ಕ 500 ರೂಪಾಯಿ, ಮರಳಿ ದೊರೆಯುವ ಲಾಭ ನೂರಕ್ಕೊಂದು ಎಂದಿಟ್ಟುಕೊಳ್ಳೋಣ. ಹೇಗೂ ಮಾಡಲೇಬೇಕಾದ ಖರ್ಚು ವರ್ಷಕ್ಕೆ 50,000 ರೂಪಾಯಿ ದಾಟಿದರೆ ಶುಲ್ಕ ಸಾರ್ಥಕ. ಲಾಭಕ್ಕಾಗಿಯೇ ಖರ್ಚು ಬೆಳೆಸಿದರೆ ಅದು ಎಣ್ಣೆ ಉಳಿಸಲು ದೀಪ ಹೆಚ್ಚಿಸಿದಂತೆ. ಅತ್ತ ಶುಲ್ಕವಿಲ್ಲದ ಕಾರ್ಡಿನಲ್ಲಿ 10,000 ರೂಪಾಯಿ ಬಾಕಿ ಉಳಿದು, ತಿಂಗಳಿಗೆ ಶೇಕಡಾ 3 ಬಡ್ಡಿ ಬಿದ್ದರೆ ಎರಡೇ ತಿಂಗಳಲ್ಲಿ 600 ರೂಪಾಯಿ ಹೋಯಿತು!

ಆದ್ದರಿಂದ ಶುಲ್ಕವನ್ನು ಕಂಡು ಬೆಚ್ಚಬೇಕಾಗಿಲ್ಲ. ಅದು ಮುಂಬಾಗಿಲಿನಲ್ಲಿ ನಿಂತು ಹಣ ಕೇಳುವ ನೆಂಟ. ಬಡ್ಡಿಯಾದರೋ ಹಿತ್ತಿಲ ಬಾಗಿಲಿನಿಂದ ಬರುತ್ತದೆ. ಹುಂಡಿ ಬರೆಸಿದ ವರ್ತಕನು ವಟ್ಟವನ್ನು ಮೊದಲೇ ಎಣಿಸಿ ಪ್ರಯಾಣ ಹೊರಡುತ್ತಿದ್ದನು. ನಾವು ಮರೆತಿರುವುದು ಆ ಎಣಿಕೆಯನ್ನು.