ಎಡನಳಿಗೆಯ ತೋಟಾ

ನಮ್ಮ ಅಜ್ಜಯ್ಯನ ಬಳಿ ಜೋಡಿನಳಿಗೆಯ ಒಂದು ತೋಟಾ ಕೋವಿ ಇತ್ತು. ಅದರ ಜೊತೆಗೆ ತಗಡಿನ ಡಬ್ಬದಲ್ಲಿ ಇಪ್ಪತ್ತೋ ಇಪ್ಪತ್ತೆರಡೋ ಹಿತ್ತಾಳೆಯ ತೋಟಾಗಳು. ಹೊಡೆದ ತೋಟಾವನ್ನು ಅವರು ಎಸೆಯುತ್ತಿರಲಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ದಿನ ಜಗಲಿಯಲ್ಲಿ ಕೂತು, ಸುಟ್ಟ ಕೇಪು ತೆಗೆದು ಹೊಸ ಕೇಪು ಕೂರಿಸಿ, ಮದ್ದು, ರಟ್ಟಿನ ಬಿಲ್ಲೆ, ಚರೆ ಎಂದು ಒಂದೊಂದಾಗಿ ತುಂಬುತ್ತಿದ್ದರು. ಆ ದಿನ ಮಕ್ಕಳು ಜಗಲಿ ಹತ್ತುವಂತಿರಲಿಲ್ಲ. ಅಂಗಳದಲ್ಲಿ ನಿಂತೇ ನೋಡಬೇಕು. ಕೆಲವು ತೋಟಾಗಳ ಅಂಚಿನಲ್ಲಿ ಅರದಿಂದ ಎಳೆದ ಒಂದು ಗೀರು ಇರುತ್ತಿತ್ತು. ಯಾಕೆಂದು ಕೇಳಿದ್ದಕ್ಕೆ, "ಗೀರಿದ್ದದ್ದು ಎಡನಳಿಗೇದು ಮಾರಾಯ. ಬಲಗಡೆಗೆ ಹಾಕಬಾರದು. ಅದು ಆ ಮನೆಗೆ ಒಗ್ಗಿ ಹೋಗಿದೆ" ಎಂದಿದ್ದರು. ನನಗಾಗ ಅದು ಮುದುಕರ ಮಡಿಯಂತೆ ಕಂಡಿತ್ತು.

ಮುಂದೆ ನಾನು ಬೆಂಗಳೂರಿನ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತೊಂದು ವರ್ಷ ಡೈ ಮಾಡುವ ಕೆಲಸ ಮಾಡಿದೆ. ತಗಡು ಒತ್ತುವ ಡೈ, ತಂತಿ ಎಳೆಯುವ ಡೈ, ಬಟ್ಟಲು ಸೆಳೆಯುವ ಡೈ. ಅಂಗುಲದ ಸಾವಿರದಲ್ಲೊಂದು ಪಾಲನ್ನು ನಾವು ಒಂದು 'ಥೌ' ಎನ್ನುತ್ತಿದ್ದೆವು. ತಲೆಗೂದಲು ಸುಮಾರು ಮೂರು ಥೌ ದಪ್ಪ. ಡ್ರಾಯಿಂಗಿನಲ್ಲಿ ಬರೆದ ಅಳತೆಯೇ ನಮಗೆ ವೇದ.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನಿಗೆ ಗುರಿಹೊಡೆಯುವ ಗೀಳು ಹತ್ತಿತು. ಅಲ್ಲಿ ಸ್ಪರ್ಧೆಗೆ ಹೋಗುವವರಲ್ಲಿ ಬಹುಮಂದಿ ತಮ್ಮ ತೋಟಾಗಳನ್ನು ತಾವೇ ಮತ್ತೆ ತುಂಬಿಕೊಳ್ಳುತ್ತಾರೆ. ಅದಕ್ಕೊಂದು ಡೈ ಬೇಕು. 2009ರಲ್ಲಿ ಅವನು ಫೋನು ಮಾಡಿ, "ಮಾವ, ನೀವು ಜೀವಮಾನವೆಲ್ಲ ಡೈ ಮಾಡಿದವರು. ಯಾವುದು ಕೊಳ್ಳಲಿ?" ಎಂದ. ನಾಲ್ಕೈದು ಡೈಗಳ ಚಿತ್ರ ಕಳಿಸಿದ್ದ. ಒಳಮೈ ಕನ್ನಡಿಯಂತಿದ್ದ ಒಂದನ್ನು ಆರಿಸಿ, "ಇದು ಕಣೋ. ಕಾಗದದಲ್ಲಿ ಹೇಳಿದಷ್ಟೂ ಒಳಗೆ ತಿರುಗಿಸು. ಪೂರ್ತಿ ಇಳಿದರೆ ತಾನೇ ಅಳತೆ ಸರಿಬರುವುದು!" ಎಂದೆ.

ಏಳೆಂಟು ತಿಂಗಳ ಮೇಲೆ ಅಕ್ಕ ಅಳುತ್ತ ಫೋನು ಮಾಡಿದಳು. ಆರನೆಯ ಸಲ ತುಂಬಿದ ತೋಟಾ ಹೊಡೆದಾಗ ಬುಡದ ಮೇಲ್ಗಡೆ ಕತ್ತರಿಸಿ ಎರಡು ತುಂಡಾಗಿತ್ತು. ಮುಂಭಾಗ ಕೋವಿಯೊಳಗೇ ಸಿಕ್ಕಿಕೊಂಡು, ಬಿಸಿ ಗಾಳಿ ಹಿಂದಕ್ಕೆ ನುಗ್ಗಿ ಅವನ ಕೆನ್ನೆಗೆ ಬಡಿದಿತ್ತು. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಿದ್ದೆ ಬರುತ್ತಿತ್ತೇನೋ.

ಆಮೇಲೆ ನಾನು ಓದತೊಡಗಿದೆ. ಡೈ ಗೊತ್ತಿದ್ದ ನನಗೆ ಅದರ ಚರಿತ್ರೆ ಗೊತ್ತಿರಲಿಲ್ಲ.

1857ರ ದಂಗೆಗೆ ಕಿಡಿ ಹಚ್ಚಿದ ಕೊಬ್ಬಿನ ತೋಟಾದ ಕತೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ಕಾಗದದ ತೋಟಾ. ಕಚ್ಚಿ ಹರಿದರೆ ಮುಗಿಯಿತು. ಮತ್ತೆ ತುಂಬುವ ಮಾತು ಬಂದದ್ದು ಹಿತ್ತಾಳೆ ಬಂದ ಮೇಲೆ. 1866ರ ಸುಮಾರಿಗೆ ಇಬ್ಬರು ಸೇನಾಧಿಕಾರಿಗಳು ಎರಡು ಬಗೆಯ ಕೇಪು ಕಂಡುಹಿಡಿದರು: ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರದ ಎಡ್ವರ್ಡ್ ಬಾಕ್ಸರ್, ಅಮೆರಿಕದ ಹೈರಮ್ ಬರ್ಡನ್. ಬರ್ಡನ್ನನ ತೋಟಾದ ತಳದಲ್ಲಿ ಬೆಂಕಿ ದಾಟಲು ಬದಿಯಲ್ಲಿ ಸಣ್ಣ ತೂತುಗಳು. ಬಾಕ್ಸರನದರಲ್ಲಿ ನಟ್ಟನಡುವೆ ಒಂದೇ ತೂತು. ಅದರೊಳಗೆ ಒಂದು ಕಡ್ಡಿ ತೂರಿಸಿ ತಳ್ಳಿದರೆ ಸುಟ್ಟ ಕೇಪು ಉದುರಿ ಬೀಳುತ್ತದೆ. ತಮಾಷೆಯೆಂದರೆ ಅಮೆರಿಕದವನ ಕೇಪು ಯುರೋಪಿಗೆ ಹೋಯಿತು, ಇಂಗ್ಲೆಂಡಿನವನ ಕೇಪು ಅಮೆರಿಕದಲ್ಲಿ ನೆಲೆಸಿತು. ಆ ಒಂದು ತೂತಿನ ದೆಸೆಯಿಂದ ತೋಟಾ ತುಂಬುವುದು ಅಮೆರಿಕದ ಮನೆಮನೆಯ ಕೆಲಸವಾಯಿತು.

1884ರಲ್ಲಿ ಜಾನ್ ಬಾರ್ಲೊ ಎಂಬಾತ ಕನೆಕ್ಟಿಕಟ್ ರಾಜ್ಯದಲ್ಲಿ 'ಐಡಿಯಲ್' ಎಂಬ ಕಂಪನಿ ತೆರೆದು ಅಡಕತ್ತರಿಯಂಥ ಇಕ್ಕಳಗಳನ್ನು ಮಾರತೊಡಗಿದ. ಬೇಟೆಗಾರ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಬೆಂಕಿಯ ಮಗ್ಗುಲಲ್ಲಿ ಕೂತು ನಾಳೆಗೆ ಬೇಕಾದ ಈಡು ಸಿದ್ಧಮಾಡಿಕೊಳ್ಳಬಹುದಿತ್ತು. ಆ ಕಂಪನಿಯನ್ನು 1925ರಲ್ಲಿ ಲೈಮನ್ ಕಂಪನಿ ಕೊಂಡಿತು.

ಅದೇ ಕಾಲದಲ್ಲಿ ಗುರಿಗಾರರ ಇನ್ನೊಂದು ಪಂಗಡವಿತ್ತು. ಜರ್ಮನ್ ವಲಸೆಗಾರರು ತಂದ 'ಶೂಟ್ಸನ್' ಪಂದ್ಯಗಳಲ್ಲಿ, ಹ್ಯಾರಿ ಪೋಪ್ ಎಂಬ ಹೆಸರಾಂತ ನಳಿಗೆಗಾರನಂಥವರು, ಇಡೀ ದಿನಕ್ಕೆ ಒಂದೇ ಒಂದು ಖಾಲಿ ತೋಟಾ ಇಟ್ಟುಕೊಳ್ಳುತ್ತಿದ್ದರು. ಹೊಡೆಯುವುದು, ತೆಗೆಯುವುದು, ಕೇಪು ಬದಲಿಸಿ ಮದ್ದು ಹಾಕುವುದು, ಮತ್ತೆ ಅದೇ ಕೋವಿಗೆ ತೂರಿಸುವುದು. ಡೈ ಇಲ್ಲವೇ ಇಲ್ಲ! ಆ ಕೋವಿಗೆ ಆ ತೋಟಾ ಕೈಗವಸಿನಂತೆ ಕೂತಿರುತ್ತಿತ್ತು. ಇದನ್ನು ಓದಿದಾಗ ನನಗೆ ಅಜ್ಜಯ್ಯನ ಗೀರು ಮೊದಲ ಸಲ ನೆನಪಾಯಿತು.

ಹಾಗಿದ್ದರೆ ಡೈ ಯಾಕೆ ಬೇಕು? ಕಡಿಮೆ ಒತ್ತಡದ ಆ ಹಳೆಯ ಕೋವಿಗಳಿಗೆ ಬೇಕಿರಲಿಲ್ಲ. ಹೊಗೆಯಿಲ್ಲದ ಹೊಸ ಮದ್ದು ಬಂದ ಮೇಲೆ ಒತ್ತಡ ಏರಿತು. ರೈಫಲ್ಲಿನ ತೋಟಾ ಬಾಟಲಿಯ ಆಕಾರದ್ದು: ಬುಡ, ಮೈ, ಹೆಗಲು, ಸಣ್ಣ ಕತ್ತು. ಹೊಡೆದಾಗ ಅದು ಉಬ್ಬಿ, ತಾನು ಕೂತ ಗೂಡಿನ ಗೋಡೆಗೆ ಅಂಟಿ, ಮತ್ತೆ ಸ್ವಲ್ಪ ಕುಗ್ಗುತ್ತದೆ, ಪೂರ್ತಿ ಕುಗ್ಗುವುದಿಲ್ಲ. ಕತ್ತು ಸಡಿಲವಾಗಿ ಹೊಸ ಗುಂಡನ್ನು ಹಿಡಿಯುವುದಿಲ್ಲ, ಮೈ ಬಿಗಿಯಾಗಿ ಗೂಡಿಗೆ ಸಲೀಸಾಗಿ ಹೋಗುವುದಿಲ್ಲ. ಅದನ್ನು ಮತ್ತೆ ಕಿರಿದು ಮಾಡುವುದೇ ಡೈಯ ಕೆಲಸ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಅಂಗಡಿಗಳಲ್ಲಿ ಈಡು ಸಿಗದಾಯಿತು. ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬ ಊರಿನಲ್ಲಿ ಫ್ರೆಡ್ ಹಂಟಿಂಗ್ಟನ್ ಎಂಬಾತ 1943ರಲ್ಲಿ, ತನ್ನ ತಂದೆಯ ಲಾಂಡ್ರಿಯ ಹಿಂಭಾಗದಲ್ಲಿ, ಹೊಡೆದು ಬಿಸಾಡಿದ ಪಾಯಿಂಟ್ 22 ತೋಟಾಗಳನ್ನೇ ಒತ್ತಿ ಗುಂಡಿನ ಕವಚ ಮಾಡುವ ಡೈಗಳನ್ನು ತಯಾರಿಸಿದ. 'ರಾಕ್ ಚಕ್' ಎಂದರೆ ಅಲ್ಲಿನ ಬಂಡೆಗಳಲ್ಲಿರುವ ದೊಡ್ಡ ಇಲಿಯ ಜಾತಿಯ ಒಂದು ಪ್ರಾಣಿ. ಅದನ್ನು ಹೊಡೆಯುವ ಗುಂಡಿನ ಡೈ ಎಂಬ ಹೆಸರೇ ಮೊಟಕಾಗಿ 'ಆರ್‌ಸಿಬಿಎಸ್' ಆಯಿತು.

ಯುದ್ಧದ ನಂತರ ಈ ಕಸುಬು ದೊಡ್ಡ ಉದ್ದಿಮೆಯಾಯಿತು. ಡೈಗಳ ಹೊರಮೈಯ ಮರೆ ಒಂದೇ ಅಳತೆಗೆ ಬಂತು: ಅಂಗುಲದ ಎಂಟರಲ್ಲಿ ಏಳು ಪಾಲು ವ್ಯಾಸ, ಅಂಗುಲಕ್ಕೆ 14 ಸುತ್ತು. ಯಾವ ಕಂಪನಿಯ ಡೈಯನ್ನಾದರೂ ಬಹುಪಾಲು ಪ್ರೆಸ್ಸುಗಳಿಗೆ ತಿರುಗಿಸಬಹುದು. ಟೂಲ್‌ರೂಮಿನವನಿಗೆ ಇದಕ್ಕಿಂತ ಸಂತೋಷದ ಸುದ್ದಿಯಿಲ್ಲ. ಆದರೆ ನಾನು ಎಡವಿದ್ದೂ ಇಲ್ಲೇ. ಮಾರಾಟಕ್ಕೆ ಮಾಡಿದ ಡೈ ಎಲ್ಲರ ಕೋವಿಗೂ ಒಪ್ಪಬೇಕು. ಹಾಗಾಗಿ ಅದನ್ನು ಅತ್ಯಂತ ಇಕ್ಕಟ್ಟಾದ ಗೂಡಿಗೆ ಸರಿಹೋಗುವಂತೆ ಕೊರೆದಿರುತ್ತಾರೆ. ನನ್ನ ಅಳಿಯನ ಕೋವಿಯ ಗೂಡು ಕೊಂಚ ಉದ್ದದ್ದು. ಪೂರ್ತಿ ಇಳಿಸಿದ ಡೈ ಪ್ರತಿಸಲವೂ ತೋಟಾದ ಹೆಗಲನ್ನು ಒಂಬತ್ತು ಥೌ ಹಿಂದಕ್ಕೆ ತಳ್ಳುತ್ತಿತ್ತು. ಪ್ರತಿ ಹೊಡೆತಕ್ಕೂ ಹಿತ್ತಾಳೆ ಮತ್ತೆ ಅಷ್ಟು ಹಿಗ್ಗುತ್ತಿತ್ತು. ಹಿಗ್ಗಿದ್ದೆಲ್ಲ ಬುಡದ ಮೇಲಿನ ಒಂದು ಉಂಗುರದಷ್ಟು ಜಾಗದಿಂದ ಸವೆಯುತ್ತ ಬಂದು ಕೊನೆಗೆ ಕಡಿಯಿತು. ಡೈಯಲ್ಲಿ ದೋಷವಿರಲಿಲ್ಲ. ಅದು ಯಾರ ಕೋವಿಗೂ ಸೇರದ, ಡ್ರಾಯಿಂಗಿಗೆ ಮಾತ್ರ ಸೇರಿದ ಡೈ. ನಾನು ಹೇಳಿದ್ದೂ ಡ್ರಾಯಿಂಗಿನ ಮಾತೇ.

ಹಿತ್ತಾಳೆ ತನಗಾದ ಬಲವಂತವನ್ನು ಮರೆಯುವುದಿಲ್ಲ. ಈ ಪಾಠ ಮೊದಲು ಸಿಕ್ಕಿದ್ದು ನಮ್ಮ ದೇಶದಲ್ಲೇ. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಇಲ್ಲಿನ ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳು ಯಾರೂ ಮುಟ್ಟದೆ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಮಳೆಗಾಲದ ರೋಗವೆಂದು ಅದಕ್ಕೆ 'ಋತು ಬಿರುಕು' ಎಂಬರ್ಥದ ಹೆಸರೂ ಬಂತು. ಕುದುರೆಯ ಗಂಜಳದ ಅಮೋನಿಯಾ ಒಂದು ಕಾರಣ. ಸೆಳೆದು ಒತ್ತುವಾಗ ಲೋಹದೊಳಗೆ ಉಳಿದ ಬಿಗುಪು ಇನ್ನೊಂದು. 1921ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಇದನ್ನು ಬಿಡಿಸಿ ಹೇಳಿದರು. ಹದವಾಗಿ ಕಾಯಿಸಿದರೆ ಆ ಬಿಗುಪು ಇಳಿಯುತ್ತದೆ. ಇವತ್ತಿಗೂ ಗುರಿಗಾರರು ತೋಟಾದ ಕತ್ತನ್ನು ಆಗಾಗ ಕಾಯಿಸುತ್ತಾರೆ. ಬುಡವನ್ನು ಮಾತ್ರ ಕಾಯಿಸಬಾರದು, ಮೆತ್ತಗಾದ ಬುಡ ಒತ್ತಡ ತಡೆಯದು.

ಯುದ್ಧಾನಂತರ ಅಮೆರಿಕದಲ್ಲಿ, ಮೇಜಿನ ಮೇಲೆ ಕೋವಿಯಿಟ್ಟು ಐದು ಗುಂಡನ್ನು ಒಂದೇ ತೂತಿನಲ್ಲಿ ಹೊಕ್ಕಿಸುವ 'ಬೆಂಚ್‌ರೆಸ್ಟ್' ಪಂದ್ಯ ಬೆಳೆಯಿತು. ಆ ಜನ ಅಂಗಡಿಯ ಡೈ ಬಿಟ್ಟು, ತಮ್ಮ ಕೋವಿಯ ಗೂಡಿಗೆ ತಕ್ಕ ಕೈಡೈ ಮಾಡಿಸಿಕೊಂಡರು. ವಾಷಿಂಗ್ಟನ್ ರಾಜ್ಯದಲ್ಲಿ ಕ್ಯಾಶ್ಮಿಯರ್ ಎಂಬ ಊರಿದೆ, ನಮ್ಮ ಕಾಶ್ಮೀರದ ಹೆಸರೇ. ಅಲ್ಲಿನ ವಿಲ್ಸನ್ ಕಂಪನಿಯ ಕೈಡೈಗಳು ಅವರಲ್ಲಿ ಹೆಸರಾದವು. ದುಡ್ಡಿದ್ದವರಿಗೆ ಮಾತ್ರ ಎಂದೂ ಅಲ್ಲ. 1958ರಲ್ಲಿ ವಿಸ್ಕಾನ್ಸಿನ್ನಿನ ರಿಚರ್ಡ್ ಲೀ ಆರಂಭಿಸಿದ ಕಂಪನಿ, ಸುತ್ತಿಗೆಯಿಂದ ತಟ್ಟಿ ಕತ್ತನ್ನಷ್ಟೇ ಕಿರಿದು ಮಾಡುವ ಅಗ್ಗದ ಸಾಧನವೊಂದನ್ನು ಮಾರಿತು. ಹಿತ್ತಾಳೆಯನ್ನು ಹೆಚ್ಚು ಪೀಡಿಸದ ಕಾರಣ ಅದರಿಂದಲೂ ಒಳ್ಳೆಯ ಈಡು ಬರುತ್ತಿತ್ತು.

ಮರುವರ್ಷ ಅಳಿಯನ ಮನೆಗೆ ಹೋದೆ. ಕೆನ್ನೆಯ ಕಲೆ ಮಾಸಿತ್ತು. ಇಬ್ಬರೂ ಕೂತು ಈ ಸಲ ಡೈಗಿಂತ ಮೊದಲು ಅವನದೇ ಕೋವಿಯಲ್ಲಿ ಹೊಡೆದ ಹತ್ತು ಖಾಲಿ ತೋಟಾಗಳನ್ನು ಅಳೆದೆವು. ಅವುಗಳ ಮೈಯನ್ನು ಒಂದೆರಡು ಥೌ ಮಾತ್ರ ಕುಗ್ಗಿಸುವ ಡೈ ಹುಡುಕಿದೆವು. ಕತ್ತಿಗೆ ಒಂದೊಂದು ಥೌ ಅಂತರದ ಬಿಡಿ ಬಳೆ ಹಾಕುವಂಥದ್ದಾದರೆ ಬೇಕಾದಷ್ಟೇ ಬಿಗಿ ಮಾಡಬಹುದು. ಸಾಮಾನ್ಯ ಡೈ ಕತ್ತನ್ನು ಅತಿಯಾಗಿ ಹಿಸುಕಿ, ಮತ್ತೆ ಒಳಗಿಂದ ಒಂದು ಗುಂಡಿಯನ್ನು ಎಳೆದು ಅಗಲಿಸುತ್ತದೆ. ಆ ಎಳೆತದಲ್ಲಿ ಕತ್ತು ಸೊಟ್ಟಗಾಗುತ್ತದೆ. ಗುಂಡು ಕೂರಿಸುವ ಡೈಯಲ್ಲಿ, ಗುಂಡು ಇಳಿಯುವ ಮೊದಲೇ ತೋಟಾವನ್ನೂ ಗುಂಡನ್ನೂ ಒಂದೇ ನೇರದಲ್ಲಿ ಹಿಡಿಯುವ ಜಾರುಕೊಳವೆ ಇರಬೇಕು. ಬೀಗದ ಉಂಗುರ ಗಟ್ಟಿ ಇರಬೇಕು. ಹೊಳಪು ಬೇಕೇ ಬೇಕು, ಆದರೆ ಅದು ಕೊನೆಯ ಮಾತು.

ಡೈಯ ಒಂದು ಸುತ್ತು ಎಂದರೆ 71 ಥೌ. ಹೆಗಲನ್ನು ಎರಡು ಥೌ ಮಾತ್ರ ತಳ್ಳಬೇಕಾದರೆ ಮೂವತ್ತಾರರಲ್ಲಿ ಒಂದು ಪಾಲು ಸುತ್ತು. ಉಂಗುರದ ಮೇಲೆ ನಾನೇ ಗೀರು ಹಾಕಿಕೊಟ್ಟೆ.

"ಇದೇನು ಮಾವ, ಗುರುತು?" ಎಂದ.

"ನಿನ್ನ ಕೋವಿಯ ಮನೆ ನಂಬರು. ಬೇರೆ ಕೋವಿಗೆ ಇದು ನಡೆಯೋದಿಲ್ಲ ಕಣೋ" ಎಂದೆ.

ಅಜ್ಜಯ್ಯನ ತೋಟಾಗಳಲ್ಲಿ ಒಂದು ನನ್ನ ಮೇಜಿನ ಮೇಲೆ ಪೆನ್ನು ಹಿಡಿದು ನಿಂತಿದೆ. ಅಂಚಿನಲ್ಲಿ ಗೀರಿದೆ, ಎಡನಳಿಗೆಯದ್ದು.