ಥ್ರೆಡ್ ಕೊರೆಯುವ ಟ್ಯಾಪ್: ಗುರುತಿಸುವ ಬಗೆ, ವಿಂಗಡಿಸುವ ಕ್ರಮ

ನೀರಿನ ನಲ್ಲಿಯನ್ನೂ ಟ್ಯಾಪ್ ಎನ್ನುತ್ತೇವೆ. ಇಲ್ಲಿ ಹೇಳಹೊರಟಿರುವುದು ಅದನ್ನಲ್ಲ. ಲೋಹದಲ್ಲಿ ಕೊರೆದ ರಂಧ್ರದ ಒಳಮೈಯಲ್ಲಿ ಥ್ರೆಡ್ ಕತ್ತರಿಸುವ, ಉದ್ದನೆಯ ತೋಡುಗಳುಳ್ಳ ಗಟ್ಟಿ ಉಕ್ಕಿನ ಉಪಕರಣಕ್ಕೂ ಅದೇ ಹೆಸರಿದೆ. ಮನೆಯಲ್ಲಿ ಸಣ್ಣ ಕಾರ್ಯಾಗಾರ ಇರಿಸಿಕೊಂಡವರ ಬಳಿ ಇವು ಹಿರಿಯರ ಪೆಟ್ಟಿಗೆಯಿಂದಲೋ ಗುಜರಿ ಅಂಗಡಿಯಿಂದಲೋ ಬಂದು ಒಂದೇ ಡಬ್ಬಿಯಲ್ಲಿ ಬೆರೆತು ಬಿದ್ದಿರುತ್ತವೆ. ತಪ್ಪು ಟ್ಯಾಪನ್ನು ಹಳೆಯ ರಂಧ್ರಕ್ಕೆ ಹಾಕಿದರೆ ಮೊದಲ ಒಂದೆರಡು ಸುತ್ತು ಸಲೀಸಾಗಿಯೇ ಹೋಗುತ್ತದೆ. ಬಿಗಿಯುವ ವೇಳೆಗೆ ಇದ್ದ ಥ್ರೆಡ್ ಹಾಳಾಗಿರುತ್ತದೆ. ಬಲ ಹಾಕಿ ಟ್ಯಾಪ್ ಮುರಿದರಂತೂ ಆ ತುಂಡನ್ನು ಸಾಮಾನ್ಯ ಡ್ರಿಲ್ ಬಿಟ್ ಕೊರೆಯಲಾರದು.

ಈ ಬೆರಕೆಗೆ ಇತಿಹಾಸವೇ ಕಾರಣ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 55 ಡಿಗ್ರಿ ಕೋನದ ಇಂಚಿನ ಥ್ರೆಡ್ ಪದ್ಧತಿಯನ್ನು ಮುಂದಿಟ್ಟರು. ಬ್ರಿಟಿಷ್ ಯಂತ್ರಗಳೊಡನೆ ಅದು ಭಾರತಕ್ಕೂ ಬಂತು. 1956ರ ತೂಕ ಮತ್ತು ಅಳತೆ ಕಾಯ್ದೆ ದೇಶವನ್ನು ಮೆಟ್ರಿಕ್ ಪದ್ಧತಿಗೆ ತಿರುಗಿಸಿತು. 60 ಡಿಗ್ರಿಯ ಮೆಟ್ರಿಕ್ ಥ್ರೆಡ್ ಕ್ರಮೇಣ ರೂಢಿಗೆ ಬಂತು. ಇವೆರಡರ ನಡುವೆ ಅಮೆರಿಕದ ಕಡೆಯಿಂದ ಬಂದ, ಇಂಚಿನ ಅಳತೆಯೇ ಆದರೂ 60 ಡಿಗ್ರಿ ಕೋನದ ಯುನಿಫೈಡ್ ಥ್ರೆಡ್ ಇದೆ. ಹಳೆಯದೆಂದು ಇಂಚನ್ನು ತಳ್ಳಿಹಾಕುವಂತಿಲ್ಲ. ಕ್ಯಾಮೆರಾ ಟ್ರೈಪಾಡಿನ ತಿರುಪು ಇಂದಿಗೂ ಕಾಲಂಗುಲದ್ದು, ಇಂಚಿಗೆ 20 ಥ್ರೆಡ್.

ಮೊದಲು ಟ್ಯಾಪಿನ ಹಿಡಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಓರೆ ಬೆಳಕಿನಲ್ಲಿ ಅಕ್ಷರಗಳನ್ನು ಓದಬೇಕು. ‘ಎಂ 8 × 1.25’ ಎಂದಿದ್ದರೆ ವ್ಯಾಸ 8 ಮಿ.ಮೀ., ಪಿಚ್ ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ಅಂತರ 1.25 ಮಿ.ಮೀ. ಎಂದರ್ಥ. ಬಿಎಸ್‌ಡಬ್ಲ್ಯು ಎಂಬುದು ವಿಟ್‌ವರ್ತ್, ಬಿಎಸ್‌ಎಫ್ ಅದರ ಸಣ್ಣ ಪಿಚ್ಚಿನ ರೂಪ. ಯುಎನ್‌ಸಿ, ಯುಎನ್‌ಎಫ್ ಯುನಿಫೈಡ್ ಪದ್ಧತಿಯವು. ‘ಎಲ್‌ಎಚ್’ ಕಂಡರೆ ಎಡಮುರಿ ಥ್ರೆಡ್. ಸೈಕಲ್ಲಿನ ಎಡ ಪೆಡಲ್, ಅಸಿಟಿಲೀನ್ ಸಿಲಿಂಡರಿನ ರೆಗ್ಯುಲೇಟರ್ ಇವುಗಳದ್ದು ಈ ಬಗೆ.

ಅಕ್ಷರ ಅಳಿಸಿದ್ದರೆ ಅಳತೆಯೇ ಗತಿ. ವ್ಯಾಸವನ್ನು ಮೂತಿಯ ಬಳಿ ಅಳೆಯಬಾರದು, ಅಲ್ಲಿ ಇಳಿಜಾರಿರುತ್ತದೆ. ಪೂರ್ಣ ಹಲ್ಲುಗಳಿರುವ ಹಿಂಭಾಗದಲ್ಲಿ ವರ್ನಿಯರ್ ಹಿಡಿಯಬೇಕು. ಮೂರು ತೋಡಿನ ಟ್ಯಾಪಿನಲ್ಲಿ ಹಲ್ಲಿನ ಸಾಲುಗಳು ಎದುರುಬದುರು ಬಾರದ ಕಾರಣ ಅಳತೆ ಕಡಿಮೆ ಬರುತ್ತದೆ ಎಂಬುದನ್ನು ನೆನಪಿಡಿ. ಪಿಚ್‌ಗೆ ಗೇಜ್ ಇದ್ದರೆ ಒಳಿತು. ಇಲ್ಲದಿದ್ದರೆ ಹತ್ತು ಪಿಚ್‌ಗಳ ಉದ್ದವನ್ನು ಅಳೆದು ಹತ್ತರಿಂದ ಭಾಗಿಸಿ.

ವ್ಯಾಸವೊಂದನ್ನೇ ನಂಬಿದವರು ಮೋಸಹೋಗುತ್ತಾರೆ. ಎಂ 8 ಮತ್ತು 5/16 ಇಂಚಿನ ವ್ಯಾಸದಲ್ಲಿ ಇರುವ ವ್ಯತ್ಯಾಸ 0.06 ಮಿ.ಮೀ. ಮಾತ್ರ, ಆದರೆ ವಿಟ್‌ವರ್ತ್ 5/16ರ ಪಿಚ್ 1.41 ಮಿ.ಮೀ. ಅರ್ಧ ಇಂಚಿನಲ್ಲಿ ವಿಟ್‌ವರ್ತ್‌ಗೆ ಇಂಚಿಗೆ 12 ಥ್ರೆಡ್, ಯುಎನ್‌ಸಿಗೆ 13. ಕಾಲು, ಮುಕ್ಕಾಲು ಇಂಚುಗಳಲ್ಲಾದರೋ ಸಂಖ್ಯೆ ಎರಡಕ್ಕೂ ಒಂದೇ, ಕೋನವಷ್ಟೇ ಬೇರೆ. ಎಲ್ಲಕ್ಕಿಂತ ಪೀಡೆ ಕೊಡುವುದು ಹಳೆಯ ವಿದ್ಯುತ್ ಉಪಕರಣ, ರೇಡಿಯೊಗಳಲ್ಲಿ ಬಳಸುತ್ತಿದ್ದ ಬಿಎ ಥ್ರೆಡ್. ಅದರ ‘0 ಬಿಎ’ ಅಳತೆಯ ವ್ಯಾಸ 6 ಮಿ.ಮೀ., ಪಿಚ್ 1 ಮಿ.ಮೀ.; ಅಂದರೆ ಎಂ 6ರದ್ದೇ ಲೆಕ್ಕ! ಕೋನ ಮಾತ್ರ 47.5 ಡಿಗ್ರಿ. ಇಲ್ಲಿ ವರ್ನಿಯರ್ ಏನನ್ನೂ ಹೇಳದು. ಪರಿಚಿತ ಬೋಲ್ಟನ್ನು ಟ್ಯಾಪಿನ ಹಲ್ಲಿಗೆ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದು ಸಂದು ಕಾಣುವುದೇ ಎಂದು ನೋಡಬೇಕು.

ಕೊಳಾಯಿಯ ಬಿಎಸ್‌ಪಿ ಟ್ಯಾಪ್‌ಗಳದ್ದು ಇನ್ನೊಂದು ಒಗಟು. ‘ಅರ್ಧ ಇಂಚು’ ಎಂದು ಬರೆದ ಟ್ಯಾಪಿನ ವ್ಯಾಸ ಸುಮಾರು 21 ಮಿ.ಮೀ. ಇರುತ್ತದೆ. ಆ ಹೆಸರು ಪೈಪಿನ ಒಳಬಾಯಿಗೆ ಸಂಬಂಧಿಸಿದ್ದು, ಥ್ರೆಡ್ಡಿಗಲ್ಲ.

ಕೈಯಿಂದ ತಿರುಗಿಸುವ ಟ್ಯಾಪ್‌ಗಳು ಸಾಮಾನ್ಯವಾಗಿ ಮೂರರ ಗುಂಪಿನಲ್ಲಿ ಬರುತ್ತವೆ. ಮೊದಲನೆಯದರ ಮೂತಿ ನೀಳವಾಗಿ ಇಳಿದಿರುತ್ತದೆ, ಮೂರನೆಯದು ಬಹುತೇಕ ಮೊಂಡಾಗಿದ್ದು ತಳ ಮುಚ್ಚಿದ ರಂಧ್ರದ ಕೊನೆಯವರೆಗೂ ಕೊರೆಯುತ್ತದೆ. ಕೆಲವು ಗುಂಪುಗಳಲ್ಲಿ ಮೂತಿಯಷ್ಟೇ ಅಲ್ಲ, ವ್ಯಾಸವೂ ಹಂತಹಂತವಾಗಿ ಹೆಚ್ಚುತ್ತದೆ. ಇಂಥವುಗಳ ಹಿಡಿಯ ಮೇಲೆ ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು ಉಂಗುರದ ಗೀರು ಹಾಕಿರುತ್ತಾರೆ. ಮೊದಲನೆಯದನ್ನಷ್ಟೇ ಬಳಸಿ ಬೋಲ್ಟ್ ಏಕೆ ಹೋಗದೆಂದು ತಲೆ ಕೆರೆದುಕೊಳ್ಳುವವರು ಈ ಗೀರನ್ನು ಗಮನಿಸಿರುವುದಿಲ್ಲ.

ವಿಂಗಡಣೆಯಲ್ಲಿ ಗಾತ್ರಕ್ಕಿಂತ ಪದ್ಧತಿಗೇ ಮೊದಲ ಸ್ಥಾನ. ಮೆಟ್ರಿಕ್, ವಿಟ್‌ವರ್ತ್, ಯುನಿಫೈಡ್, ಬಿಎ, ಪೈಪು ಎಂದು ಬೇರ್ಪಡಿಸಿ, ಅನಂತರ ವ್ಯಾಸ, ಪಿಚ್, ಗುಂಪು ನೋಡಬೇಕು. ಡಬ್ಬಿಯಲ್ಲಿ ಒಂದರ ಮೇಲೊಂದು ಬಿದ್ದರೆ ಹಲ್ಲಿನ ಅಂಚು ಚಕ್ಕೆ ಏಳುತ್ತದೆ. ಮರದ ದಿಮ್ಮಿಗೆ ತೂತು ಕೊರೆದು ನಿಲ್ಲಿಸುವುದು ಅಗ್ಗದ ಉಪಾಯ. ತೂತಿನ ಪಕ್ಕದಲ್ಲೇ ಡ್ರಿಲ್ಲಿನ ಅಳತೆಯನ್ನೂ ಬರೆದಿಡಿ. ಮೆಟ್ರಿಕ್‌ನಲ್ಲಿ ವ್ಯಾಸದಿಂದ ಪಿಚ್ ಕಳೆದರೆ ಸಾಕು: ಎಂ 6ಕ್ಕೆ 5, ಎಂ 10ಕ್ಕೆ 8.5 ಮಿ.ಮೀ. ಹಲ್ಲು ಮುಕ್ಕಾದವನ್ನು, ಅಂಚು ಸವೆದು ಹೊಳೆಯುವವನ್ನು ಎತ್ತಿಡದೆ ಎಸೆಯುವುದೇ ಲೇಸು. ಇಷ್ಟಾದರೂ ಗುರುತು ಸಿಗದವುಗಳನ್ನು ಬೇರೆ ಇರಿಸಿ, ಬಿಡುವಾದಾಗ ಅಲ್ಯೂಮಿನಿಯಂ ತುಂಡಿನಲ್ಲಿ ಥ್ರೆಡ್ ಕೊರೆದು ಪರಿಚಿತ ಬೋಲ್ಟ್‌ಗಳನ್ನು ಒಂದೊಂದಾಗಿ ಬೆರಳಿನಿಂದಲೇ ತಿರುಗಿಸಿ ನೋಡಬಹುದು.