ರಾಚೆಸ್ಟರ್‌ನ ಹುಡುಗಿ ಮತ್ತು ನಮ್ಮ ಶನಿವಾರದ ಮ್ಯಾಚು

ಕಳೆದ ವರ್ಷದ ಒಂದು ಶನಿವಾರ ಬೆಳಿಗ್ಗೆ. ಸರ್ಜಾಪುರ ರಸ್ತೆಯ ಬದಿಯ ಒಂದು ಟರ್ಫ್‌ನಲ್ಲಿ ಹತ್ತು ವರ್ಷದೊಳಗಿನ ಮಕ್ಕಳ ಫುಟ್‌ಬಾಲ್ ಮ್ಯಾಚು. ನನ್ನ ಮಗಳು ಡಿಫೆನ್ಸ್‌ನಲ್ಲಿ ಆಡ್ತಾಳೆ. ಡಿಫೆನ್ಸ್ ಅಂದ್ರೆ ಅರ್ಧ ಹೊತ್ತು ಚೆಂಡು ನೋಡೋದು, ಇನ್ನರ್ಧ ಹೊತ್ತು ಗೆಳತಿ ಜೊತೆ ಮಾತಾಡೋದು. ನಾನು ಗೋಲ್ ಪೋಸ್ಟಿನ ಹಿಂದೆ, ನೆಟ್ಟಿಗೆ ಮೂಗು ತಾಗಿಸಿಕೊಂಡು ನಿಂತಿದ್ದೆ. ಕೈಯಲ್ಲಿ ಹೊಸ ಫೋನು. ಸೆಕೆಂಡಿಗೆ ಹತ್ತು ಫೋಟೋ ತೆಗೆಯೋ ಬರ್ಸ್ಟ್ ಮೋಡ್ ಸಿಕ್ಕಿದೆ ಅಂತ ಒಂದೇ ಸಮನೆ ಒತ್ತುತ್ತಾ ಇದ್ದೆ.

ಆಗ ಒಂದು ಸುಲಭದ ಚೆಂಡು ನಮ್ಮ ಗೋಲ್‌ಕೀಪರ್ ಹುಡುಗನ ಕಾಲ ಸಂದಿಯಿಂದ ನುಸುಳಿ ಒಳಗೆ ಹೋಯ್ತು. ಅವನು ಅಲ್ಲೇ ಕೂತು ಅತ್ತ. ಅದೂ ನನ್ನ ಫೋನಲ್ಲಿ ಸೆರೆಯಾಯ್ತು, ಹತ್ತಿರದಿಂದ, ಬಲು ಸ್ಪಷ್ಟವಾಗಿ.

ಮನೆಗೆ ಬಂದವನೇ ನೂರಾ ನಲವತ್ತು ಫೋಟೋಗಳನ್ನ ಪೋಷಕರ ವಾಟ್ಸ್ಯಾಪ್ ಗ್ರೂಪಿಗೆ ಸುರಿದೆ. ಆರಿಸಲಿಲ್ಲ, ನೋಡಲೂ ಇಲ್ಲ. ಹಾರ್ಟು, ಥಂಬ್ಸ್ ಅಪ್ ಎಲ್ಲ ಬಂತು. ಸೋಮವಾರದ ಹೊತ್ತಿಗೆ ಯಾರದೋ ಮನೆಯ ದೊಡ್ಡ ಮಗ ಆ ಅಳುವ ಮುಖವನ್ನು ಕತ್ತರಿಸಿ ಸ್ಟಿಕ್ಕರ್ ಮಾಡಿದ್ದ. ಮಂಗಳವಾರ ರಾತ್ರಿ ಆ ಹುಡುಗನ ಅಮ್ಮ ಫೋನ್ ಮಾಡಿದರು. ಸಿಟ್ಟು ಮಾಡಲಿಲ್ಲ. "ಸರ್, ನೀವು ಒಳ್ಳೇ ಮನಸ್ಸಿಂದಾನೇ ಹಾಕಿದ್ದೀರಿ, ಗೊತ್ತು. ಆದ್ರೆ ಇವ್ನು ಎರಡು ದಿನದಿಂದ ಸ್ಕೂಲ್ ವ್ಯಾನ್ ಹತ್ತಲ್ಲ ಅಂತಿದಾನೆ. ಅದೊಂದು ಫೋಟೋ ತೆಗೀತೀರಾ?" ಅಂದರು.

'ಎಲ್ಲರಿಗೂ ಅಳಿಸು' ಒತ್ತಲು ಹೋದೆ. ವಾಟ್ಸ್ಯಾಪ್ ಅದಕ್ಕೆ ಕೊಡೋದು ಎರಡೂವರೆ ದಿನ, ಅದು ಮುಗಿದಿತ್ತು. ಅಡ್ಮಿನ್‌ಗೆ ಹೇಳಿ ಅಳಿಸಿದೆವು. ಸ್ಟಿಕ್ಕರ್ ಅಷ್ಟೊತ್ತಿಗೆ ಯಾವ್ಯಾವ ಫೋನಿನಲ್ಲಿತ್ತೋ. ದಿನಾ ಆಫೀಸಲ್ಲಿ ರೋಲ್‌ಬ್ಯಾಕ್ ಬಗ್ಗೆ ಭಾಷಣ ಮಾಡೋ ನನಗೆ ಇದನ್ನ ರೋಲ್‌ಬ್ಯಾಕ್ ಮಾಡೋಕೆ ಆಗಲಿಲ್ಲ.

ನಿದ್ದೆ ಬರದಿದ್ದಾಗ ಓದೋದು ನನ್ನ ಚಾಳಿ. ಮಕ್ಕಳ ಆಟದ ಫೋಟೋ ತೆಗೆಯೋಕೆ ಏನಾದ್ರೂ ರೀತಿ ರಿವಾಜು ಇದೆಯಾ, ಇದ್ದರೆ ಯಾವಾಗ ಶುರುವಾಯ್ತು ಅಂತ ಹುಡುಕುತ್ತಾ ಹೋದವನು ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಅನ್ನೋ ಊರಿಗೆ ಹೋಗಿ ಮುಟ್ಟಿದೆ.

ಕ್ಯಾಮೆರಾ ಜನಸಾಮಾನ್ಯರ ಕೈಗೆ ಬಂದಿದ್ದೇ ಆ ಊರಿಂದ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಅಲ್ಲಿ ಮೊದಲ ಕೊಡಾಕ್ ಕ್ಯಾಮೆರಾ ಮಾರಾಟಕ್ಕೆ ತಂದ. ಬೆಲೆ 25 ಡಾಲರ್. ಒಳಗೆ ನೂರು ಫೋಟೋಗಾಗುವಷ್ಟು ಫಿಲಂ ಮೊದಲೇ ತುಂಬಿರ್ತಿತ್ತು. ಮುಗಿದ ಮೇಲೆ ಪೂರ್ತಿ ಕ್ಯಾಮೆರಾನೇ ರಾಚೆಸ್ಟರ್‌ಗೆ ಪಾರ್ಸೆಲ್ ಮಾಡಿ 10 ಡಾಲರ್ ಕೊಟ್ಟರೆ, ಅವರು ಫೋಟೋ ತೊಳೆದು, ಹೊಸ ಫಿಲಂ ತುಂಬಿ ವಾಪಸ್ ಕಳಿಸ್ತಿದ್ದರು. ಅದಕ್ಕೆ ವ್ಯೂಫೈಂಡರ್ ಕೂಡ ಇರಲಿಲ್ಲ, ಮೇಲೊಂದು V ಗುರುತು ನೋಡಿಕೊಂಡು ಅಂದಾಜಿನ ಮೇಲೆ ಒತ್ತಬೇಕು. ಬರೋ ಫೋಟೋ ದುಂಡಗೆ. 1900ರಲ್ಲಿ ಅದೇ ಕಂಪನಿ ಬ್ರೌನಿ ಅನ್ನೋ ಕ್ಯಾಮೆರಾ ಬಿಟ್ಟಿತು. ಬೆಲೆ ಒಂದೇ ಡಾಲರ್, ಮಕ್ಕಳಿಗೂ ಕೊಡಿಸಬಹುದು ಅಂತ.

ಸ್ಟುಡಿಯೋದಲ್ಲಿ ಫೋಟೋ ತೆಗೆಸೋದು ಅಂದ್ರೆ ಅಲ್ಲೀವರೆಗೆ ಒಂದು ಒಪ್ಪಂದ. ನೀವಾಗೇ ಹೋಗಿ, ಒಳ್ಳೇ ಬಟ್ಟೆ ಹಾಕಿ, ಅಲುಗಾಡದೆ ಕೂರ್ತಿದ್ರಿ. ನಿಮಗೆ ಗೊತ್ತಿಲ್ಲದ ಹಾಗೆ ನಿಮ್ಮ ಫೋಟೋ ಬರೋ ಸಾಧ್ಯತೆನೇ ಕಡಿಮೆ. ಕೈಕ್ಯಾಮೆರಾ ಬಂದ ಮೇಲೆ ಆ ಒಪ್ಪಂದ ಮುರೀತು. ಸಮುದ್ರ ತೀರದಲ್ಲಿ, ಪಾರ್ಕಿನಲ್ಲಿ ಕಂಡಕಂಡವರ ಫೋಟೋ ಹೊಡೆಯೋರಿಗೆ ಪತ್ರಿಕೆಗಳು ಇಟ್ಟ ಹೆಸರನ್ನು ಕನ್ನಡದಲ್ಲಿ ಹೇಳೋದಾದರೆ 'ಕೊಡಾಕ್ ಪಿಶಾಚಿ'. 1890ರಲ್ಲಿ ಬಾಸ್ಟನ್ನಿನ ವಕೀಲರಾದ ವಾರೆನ್ ಮತ್ತು ಬ್ರಾಂಡೈಸ್ ಹಾರ್ವರ್ಡ್ ಲಾ ರಿವ್ಯೂನಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ, ಕ್ಷಣಾರ್ಧದಲ್ಲಿ ತೆಗೆಯೋ ಈ ಫೋಟೋಗಳ ಕಾಟವನ್ನೇ ಒಂದು ಕಾರಣವಾಗಿ ಕೊಟ್ಟಿದ್ದಾರೆ. ಆದರೆ ಲೇಖನ ಬೇರೆ, ಕಾನೂನು ಬೇರೆ. ಕಾನೂನು ಬರೋಕೆ ಒಬ್ಬಳು ಹುಡುಗಿ ಅಳಬೇಕಾಯ್ತು.

ಅವಳ ಹೆಸರು ಅಬಿಗೇಲ್ ರಾಬರ್ಸನ್. ಇನ್ನೂ ಹದಿಹರೆಯ. ಅದೇ ರಾಚೆಸ್ಟರ್‌ನವಳು. ಅವಳದೊಂದು ಚೆಂದದ ಫೋಟೋವನ್ನು ಅವಳಿಗೆ ಹೇಳದೆ ಕೇಳದೆ ಒಂದು ಹಿಟ್ಟಿನ ಕಂಪನಿಯ ಪೋಸ್ಟರಿಗೆ ಬಳಸಿಬಿಟ್ಟರು. ಸುಮಾರು 25,000 ಪ್ರತಿಗಳು. ಅಂಗಡಿ, ಗೋದಾಮು, ಹೆಂಡದಂಗಡಿ, ಎಲ್ಲ ಕಡೆ ಅವಳ ಮುಖ. ಗುರುತಿನವರು ನೋಡಿ ಆಡಿಕೊಂಡರು. ಹುಡುಗಿ ನಾಚಿಕೆಗೆ ಹಾಸಿಗೆ ಹಿಡಿದಳು, ಡಾಕ್ಟರನ್ನು ಕರೆಸಬೇಕಾಯ್ತು. 15,000 ಡಾಲರ್ ಪರಿಹಾರಕ್ಕೆ ಕೇಸು ಹಾಕಿದಳು. ಕೆಳಗಿನ ಕೋರ್ಟುಗಳು ಅವಳ ಪರ ನಿಂತವು. 1902ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ನಾಲ್ಕು–ಮೂರರ ಬಹುಮತದಲ್ಲಿ ಅದನ್ನ ತಳ್ಳಿಹಾಕಿತು. ತೀರ್ಪು ಬರೆದವರು ಮುಖ್ಯ ನ್ಯಾಯಾಧೀಶ ಆಲ್ಟನ್ ಪಾರ್ಕರ್. ಖಾಸಗಿತನದ ಹಕ್ಕು ಅನ್ನೋದು ಕಾನೂನಿನಲ್ಲಿ ಇಲ್ಲ, ಬೇರೆ ಯಾರಾದರೂ ಆಗಿದ್ದರೆ ತಮ್ಮ ಚೆಲುವಿಗೆ ಸಿಕ್ಕ ಹೊಗಳಿಕೆ ಅಂತ ಖುಷಿಪಡ್ತಿದ್ದರು ಅನ್ನೋ ಅರ್ಥದ ಮಾತನ್ನೂ ಬರೆದರು.

ಇದನ್ನ ಓದುವಾಗ ನನಗೆ ನಮ್ಮ ಗ್ರೂಪಿನ ಒಬ್ಬರು ಅಪ್ಪ ನೆನಪಾದರು. "ಇದೆಲ್ಲ ಅತಿಯಾಯ್ತು ಸರ್. ಫೋಟೋ ಚೆನ್ನಾಗೇ ಇದೆಯಲ್ಲ? ಮಕ್ಕಳಿಗೆ ಸ್ವಲ್ಪ ಗಟ್ಟಿತನ ಬರ್ಬೇಕು" ಅಂದಿದ್ದರು ಅವರು. ಫೋಟೋ ಚೆನ್ನಾಗಿದೆ ಅನ್ನೋದು ನೋಡೋನ ಮಾತು. ಅದರೊಳಗೆ ಇರೋನಿಗೆ ಅದು ಬೇರೆ.

ತೀರ್ಪಿಗೆ ಜನ ರೊಚ್ಚಿಗೆದ್ದರು. ಮರುವರ್ಷ, 1903ರಲ್ಲಿ, ನ್ಯೂಯಾರ್ಕ್ ಶಾಸನಸಭೆ ಒಂದು ಕಾಯ್ದೆ ಮಾಡಿತು: ಬದುಕಿರುವ ವ್ಯಕ್ತಿಯ ಹೆಸರನ್ನೋ ಚಿತ್ರವನ್ನೋ ಜಾಹೀರಾತಿಗೆ, ವ್ಯಾಪಾರಕ್ಕೆ ಬಳಸಬೇಕಾದರೆ ಲಿಖಿತ ಒಪ್ಪಿಗೆ ಬೇಕು; ಅಪ್ರಾಪ್ತರಾದರೆ ತಂದೆತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಇವತ್ತು ಕೋಚಿಂಗ್ ಸೆಂಟರಿನಲ್ಲಿ ನಾವು ಓದದೆ ಸಹಿ ಹಾಕೋ 'ಫೋಟೋ ಕನ್ಸೆಂಟ್' ಫಾರ್ಮು ಇದೆಯಲ್ಲ, ಅದರ ಅಜ್ಜಿ ಇವಳು.

ಕಥೆಯ ಬಾಲ ಇನ್ನೂ ಚೆನ್ನಾಗಿದೆ. 1904ರಲ್ಲಿ ಇದೇ ಪಾರ್ಕರ್ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಚುನಾವಣೆಗೆ ನಿಂತರು, ರೂಸ್‌ವೆಲ್ಟ್ ಎದುರು. ಫೋಟೋಗ್ರಾಫರುಗಳು ಮನೆಯವರೆಗೂ ಬೆನ್ನು ಹತ್ತಿದರು. ಕುಟುಂಬಕ್ಕೆ ನೆಮ್ಮದಿ ಇಲ್ಲ ಅಂತ ಪಾರ್ಕರ್ ಗೊಣಗಿದರು. ಆಗ ಅಬಿಗೇಲ್ ಪತ್ರಿಕೆಗೆ ಒಂದು ಬಹಿರಂಗ ಪತ್ರ ಬರೆದಳು. ನನಗಿಲ್ಲ ಅಂತ ನೀವೇ ತೀರ್ಪು ಕೊಟ್ಟ ಹಕ್ಕು ನಿಮಗೆ ಎಲ್ಲಿಂದ ಬಂತು ಅನ್ನೋದು ಅದರ ಸಾರಾಂಶ. ಪಾರ್ಕರ್ ಚುನಾವಣೆಯಲ್ಲೂ ಸೋತರು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದರೂ ಓದಿ ಒಂಥರಾ ಸಮಾಧಾನ ಆಯ್ತು ನೋಡಿ.

ಆಟದ ಫೋಟೋ ಮಾತ್ರ ಇನ್ನೂ ಬಹಳ ಕಾಲ ಅಪ್ಪ ಅಮ್ಮಂದಿರ ಕೈಗೆ ಎಟುಕಲಿಲ್ಲ. ಒಂದು ಡಾಲರಿನ ಬ್ರೌನಿಯಲ್ಲಿ ಓಡೋ ಮಗುವನ್ನ ತೆಗೆದರೆ ಬರೋದು ಮಸುಕು ಗೆರೆ. ಅದಕ್ಕೆ ವೇಗದ ಶಟರ್ ಬೇಕು, ಅಂಥ ಭಾರದ ಕ್ಯಾಮೆರಾ ಇದ್ದಿದ್ದು ಪತ್ರಿಕೆಯವರ ಹತ್ತಿರ. ಅವರಲ್ಲಿ ನನಗೆ ತುಂಬ ಹಿಡಿಸಿದವರು ಚಾರ್ಲ್ಸ್ ಕಾನ್ಲನ್. ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದೋ ಕೆಲಸ, ಬಿಡುವಿನಲ್ಲಿ ಬೇಸ್‌ಬಾಲ್ ಫೋಟೋ. ನಮ್ಮ ಭಾಷೆಯಲ್ಲಿ ಸೈಡ್ ಪ್ರಾಜೆಕ್ಟ್. ಆ ಕಾಲದಲ್ಲಿ ಫೋಟೋಗ್ರಾಫರು ಮೈದಾನದ ಒಳಗೇ ನಿಲ್ಲೋದು ಸಾಮಾನ್ಯ. 1910ರ ಆಸುಪಾಸಿನ ಒಂದು ಪಂದ್ಯದಲ್ಲಿ ಕಾನ್ಲನ್ ಮೂರನೇ ಬೇಸಿನ ಪಕ್ಕ ನಿಂತಿದ್ದಾಗ, ಡೆಟ್ರಾಯ್ಟ್‌ನ ಟೈ ಕಾಬ್ ಮಣ್ಣೆಬ್ಬಿಸಿಕೊಂಡು ಜಾರಿ ಬಂದು ಫೀಲ್ಡರ್ ಆಸ್ಟಿನ್‌ನನ್ನು ಬುಡಮೇಲು ಮಾಡಿದ. ಆಸ್ಟಿನ್ ಕಾನ್ಲನ್‌ಗೆ ಗೆಳೆಯ. ಅವರಿಗೆ ಮೊದಲು ಬಂದ ಯೋಚನೆ 'ಇವನಿಗೆ ಪೆಟ್ಟಾಯ್ತಾ' ಅನ್ನೋದು. ಫೋಟೋ ತೆಗೆದೆನೋ ಇಲ್ಲವೋ ಅನ್ನೋದೇ ನೆನಪಿಲ್ಲ. ಯಾವುದಕ್ಕೂ ಇರಲಿ ಅಂತ ಪ್ಲೇಟ್ ಬದಲಾಯಿಸಿಕೊಂಡರು. ಆಮೇಲೆ ತೊಳೆದು ನೋಡಿದರೆ ಕೈ ತಾನಾಗೇ ಒತ್ತಿಬಿಟ್ಟಿತ್ತು. ಬೇಸ್‌ಬಾಲ್ ಇತಿಹಾಸದಲ್ಲೇ ಹೆಸರಾದ ಫೋಟೋ ಅದು.

ನಾನು ಗೋಲಿನ ಹಿಂದೆ ನಿಂತಿದ್ದಾಗ ನನಗೆ ಮೊದಲು ಬಂದ ಯೋಚನೆ ಏನು ಅಂತ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. 'ಸಿಕ್ತು!'

ಫೋಟೋದವರು ಮೈದಾನದಿಂದ ಹೊರಗೆ ಹೋಗಿದ್ದು ಆಮೇಲೆ. ಜಿಮ್ನಾಸ್ಟಿಕ್ಸ್‌ನಂಥ ಆಟಗಳಲ್ಲಿ ಫ್ಲ್ಯಾಶ್ ಬೇಡ ಅಂದರು. ಗಾಳಿಯಲ್ಲಿ ತಿರುಗೋ ಮಗುವಿನ ಕಣ್ಣಿಗೆ ಬೆಳಕು ಹೊಡೆದರೆ ಇಳಿಯೋ ಜಾಗ ತಪ್ಪುತ್ತೆ, ವಾದಕ್ಕೆ ಎಡೆಯಿಲ್ಲ. ಮುಖದ ಪ್ರಶ್ನೆ ಬಂದಿದ್ದು ಡಿಜಿಟಲ್ ಕಾಲದಲ್ಲಿ. ಬ್ರಿಟನ್ನಿನಲ್ಲಿ 2001ರಲ್ಲಿ ಕ್ರೀಡೆಯಲ್ಲಿ ಮಕ್ಕಳ ರಕ್ಷಣೆಗೆಂದೇ ಒಂದು ಘಟಕ ಹುಟ್ಟಿತು. ಫೋಟೋ ಜೊತೆ ಮಗುವಿನ ಪೂರ್ತಿ ಹೆಸರು ಹಾಕಬೇಡಿ, ಬಟ್ಟೆ ಬದಲಾಯಿಸೋ ಕೋಣೆಯಲ್ಲಿ ಕ್ಯಾಮೆರಾ ಬೇಡವೇ ಬೇಡ ಅನ್ನೋ ಥರದ ಮಾತು ಅಲ್ಲಿನ ಕ್ಲಬ್ಬುಗಳಲ್ಲಿ ಈಗ ಮಾಮೂಲು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, ಹದಿನೆಂಟರೊಳಗಿನವರ ಡೇಟಾಕ್ಕೆ ತಂದೆತಾಯಿಯ ಒಪ್ಪಿಗೆ ಬೇಕು ಅನ್ನುತ್ತೆ. ಆದರೆ ಒಬ್ಬ ವ್ಯಕ್ತಿ ವೈಯಕ್ತಿಕ ಅಥವಾ ಮನೆಬಳಕೆಗೆ ಇಟ್ಟುಕೊಂಡಿದ್ದಕ್ಕೆ ಈ ಕಾಯ್ದೆ ಅನ್ವಯ ಆಗಲ್ಲ. ಅಂದ್ರೆ ಕಂಪನಿಗೆ ಕಾನೂನು ಇದೆ. ಫೋನ್ ಹಿಡಿದ ಅಪ್ಪನಿಗೆ ಇರೋದು ಬರೀ ಮರ್ಯಾದೆ.

ಆ ಮರ್ಯಾದೆ ನಾನು ಚಿಕ್ಕವನಿದ್ದಾಗಲೇ ನೋಡಿದ್ದೆ, ಮರೆತಿದ್ದೆ. ನಮ್ಮೂರು ಅರಸೀಕೆರೆ ಕಡೆ. ಏಳನೇ ಕ್ಲಾಸಲ್ಲಿ ಹೋಬಳಿ ಮಟ್ಟದ ಖೋಖೋ ಫೈನಲ್ ಸೋತಿದ್ವಿ. ಪೀಟಿ ಮೇಷ್ಟ್ರು ಪೇಟೆಯಿಂದ ಸ್ಟುಡಿಯೋದೋರನ್ನ ಕರೆಸಿದ್ದರು. ಒಂದು ರೀಲಲ್ಲಿ ಮೂವತ್ತಾರು ಫೋಟೋ, ನಮ್ಮ ಪಾಲಿಗೆ ಒಂದು. ಎಲ್ಲರೂ ಸಾಲಾಗಿ ನಿಂತ್ವಿ. ಕೊನೇಲಿ ಔಟಾಗಿ ಆಟ ಕಳೆದಿದ್ದ ಹುಡುಗ ಮುಖ ಊದಿಸ್ಕೊಂಡು ಬಿಕ್ಕುತ್ತಿದ್ದ. ಸ್ಟುಡಿಯೋದೋರು ಕ್ಯಾಮೆರಾ ಕೆಳಗಿಳಿಸಿ, "ಹೋಗಪ್ಪಾ, ನಲ್ಲಿ ಹತ್ರ ಮುಖ ತೊಳ್ಕೊಂಬಾ, ನಾವ್ ಕಾಯ್ತೀವಿ" ಅಂದ್ರು. ಬಿಸಿಲಲ್ಲಿ ಕಾದ್ವಿ. ಆ ಫೋಟೋ ಈಗಲೂ ಊರಿನ ಮನೆಯಲ್ಲಿದೆ, ಸೋತ ಟೀಮು ಅಂತ ಯಾರಿಗೂ ಗೊತ್ತಾಗಲ್ಲ. ಒಂದೇ ಫೋಟೋ ಅಂತ ಅಷ್ಟು ಜತನ ಮಾಡಿದ್ರಾ, ಅಥವಾ ಅವರ ಸ್ವಭಾವವೇ ಹಾಗಾ, ಈಗ ಕೇಳೋಣ ಅಂದ್ರೆ ಆ ಸ್ಟುಡಿಯೋನೇ ಇಲ್ಲ.

ನಮ್ಮ ಗ್ರೂಪಲ್ಲಿ ಒಂದು ಸಂಜೆ ಕೂತು ಮಾತಾಡಿದ್ವಿ. ಸ್ವಲ್ಪ ಜಗಳವೂ ಆಯ್ತು. ಈಗ ಮ್ಯಾಚಿಗೆ ಒಬ್ಬರೇ ಫೋಟೋ ತೆಗೆಯೋದು, ಸರದಿ ಮೇಲೆ. ಗೋಲಿನ ಹಿಂದೆ ಯಾರೂ ನಿಲ್ಲಂಗಿಲ್ಲ, "ಪುಟ್ಟಾ ಇಲ್ನೋಡು" ಅಂತ ಕಿರುಚಂಗಿಲ್ಲ. ಟೀಮ್ ಫೋಟೋ ಮಾತ್ರ ಗ್ರೂಪಿಗೆ, ಉಳಿದಿದ್ದು ಆಯಾ ಮಗುವಿನ ಮನೆಗೆ ನೇರವಾಗಿ. ಅಳು, ಪೆಟ್ಟು ಇದ್ದಿದ್ದು ಯಾರಿಗೂ ಇಲ್ಲ. ಜೆರ್ಸಿ ಮೇಲಿನ ಹೆಸರು, ಟರ್ಫಿನ ಲೊಕೇಶನ್, ಪ್ರಾಕ್ಟೀಸ್ ಟೈಮು ಮೂರೂ ಸೇರಿಸಿ ಇನ್‌ಸ್ಟಾಗ್ರಾಮಿಗೆ ಹಾಕೋದು ಬೇಡ ಅಂತ ಒಬ್ಬರು ಅಮ್ಮ ಹೇಳಿದಾಗ, ಅದೇ ಮೂರನ್ನ ವಾರವಾರವೂ ಹಾಕ್ತಿದ್ದ ನಾನು ಸುಮ್ಮನೆ ಕೂತಿದ್ದೆ. ಗಟ್ಟಿತನದ ಅಪ್ಪ ಇನ್ನೂ ಒಪ್ಪಿಲ್ಲ. ಆದರೆ ಅವರ ಸರದಿ ಬಂದಾಗ ಸರಿಯಾಗೇ ತೆಗೀತಾರೆ.

ಮಕ್ಕಳನ್ನ ಕೇಳೋಣ ಅಂತ ಅವತ್ತು ನಮಗ್ಯಾರಿಗೂ ಹೊಳೆಯಲಿಲ್ಲ.

ಆ ಹುಡುಗ ನಾಲ್ಕು ವಾರ ಬರಲಿಲ್ಲ. ನಾನು ಮನೆಗೆ ಹೋಗಿ ಸಾರಿ ಕೇಳಿದೆ. ಅವನು ಟೀವಿಯಿಂದ ಕಣ್ಣು ತೆಗೆಯದೆ "ಪರ್ವಾಗಿಲ್ಲ ಅಂಕಲ್" ಅಂದ. ಐದನೇ ವಾರ ಬಂದ. ಕೀಪಿಂಗ್ ಬೇಡ ಅಂದಿದ್ದಕ್ಕೆ ಕೋಚ್ ಅವನನ್ನ ಮುಂದೆ ಆಡಿಸಿದರು. ಸೆಕೆಂಡ್ ಹಾಫಲ್ಲಿ ಎಡಗಾಲಲ್ಲಿ ಒದ್ದ ಚೆಂಡು ಪೋಸ್ಟಿಗೆ ತಾಗಿ ಒಳಗೆ ಹೋಯ್ತು. ಅವತ್ತು ಸರದಿ ನಂದೇ. ಅವನನ್ನ ತೆಗೀಬೇಕೋ ಬೇಡವೋ ಅಂತ ಹಿಂಜರಿದು ಫೋನನ್ನ ಜೇಬಿನಲ್ಲೇ ಬಿಟ್ಟಿದ್ದೆ.

ಮ್ಯಾಚ್ ಮುಗಿದ ಮೇಲೆ ಬೆವರು ಸುರಿಸ್ಕೊಂಡು ಸೀದಾ ನನ್ನ ಹತ್ತಿರ ಓಡಿ ಬಂದ. "ಅಂಕಲ್, ನನ್ ಗೋಲ್ ತೆಗೆದ್ರಾ?"

"ಇಲ್ಲ ಕಣೋ" ಅಂದೆ.

"ಅಯ್ಯೋ, ಏನ್ ಅಂಕಲ್ ನೀವು!" ಅಂತ ತಲೆ ಚಚ್ಚಿಕೊಂಡು ನೀರಿನ ಬಾಟಲಿ ಕಡೆ ಓಡಿದ.